ವಿಡಿಯೊ ಆಟಗಳ ವಿಮರ್ಶೆ

ವಿಡಿಯೊ ಆಟಗಳ ವಿಮರ್ಶೆಯೆಂದರೆ, ಆಡುವವನ ಕೈಚಲನೆಗೆ ಕ್ಷಣಕ್ಷಣಕ್ಕೂ ಉತ್ತರಕೊಡುತ್ತ ಪರದೆಯ ಮೇಲೆ ಸಾಗುವ ಆಟಗಳನ್ನು ಸ್ವತಃ ಆಡಿ, ಅವುಗಳ ನಿಯಮರಚನೆ, ಚಿತ್ರ, ಧ್ವನಿ, ಕಥನ, ಯಾಂತ್ರಿಕ ದೃಢತೆ ಇವೆಲ್ಲವನ್ನೂ ಪರಾಮರ್ಶಿಸಿ, ಗುಣದೋಷಗಳನ್ನು ಓದುಗನಿಗೆ ತಿಳಿಯಹೇಳುವ ಬರೆವಣಿಗೆ. ಕೊಳ್ಳುವವನಿಗೆ ಬುದ್ಧಿಹೇಳುವ ಕೈಪಿಡಿಯಾಗಿ ಹುಟ್ಟಿದ ಇದು ತರುವಾಯ ಕಲಾವಿಮರ್ಶೆಯ ಅಂತಸ್ತಿಗೇರಲು ಹವಣಿಸಿತಾದರೂ ಮೊದಲಿನ ಕಸುಬನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ. ಬಿಡಬೇಕೆಂದು ಹೇಳುವುದೂ ನ್ಯಾಯವಲ್ಲ, ಏಕೆಂದರೆ ದೊಡ್ಡ ಆಟವೊಂದಕ್ಕೆ ಓದುಗನು ತೆರುವ ಹಣವೂ ಅದಕ್ಕಿಂತ ಹೆಚ್ಚಾಗಿ ತೆರುವ ಕಾಲವೂ ಅಲ್ಪವಲ್ಲ. ವಿಮರ್ಶೆಗೆ ಬರುವ ಕೃತಿಗಳು ಸ್ಥೂಲವಾಗಿ ಎರಡು ಬಗೆ. ನೂರಾರು ಜನ ಕೆಲಸಗಾರರು ದೊಡ್ಡ ಪ್ರಕಾಶಕ ಸಂಸ್ಥೆಯ ಬಂಡವಾಳದಿಂದ ವರ್ಷಗಟ್ಟಲೆ ದುಡಿದು ನಿರ್ಮಿಸುವ ಮುಖ್ಯವಾಹಿನಿಯ ಆಟಗಳು ಒಂದು ಬಗೆಯಾದರೆ, ಒಬ್ಬಿಬ್ಬರು ಅಥವಾ ಬೆರಳೆಣಿಕೆಯ ಮಂದಿ ತಮ್ಮ ಮನೋಧರ್ಮಕ್ಕೆ ತಕ್ಕಂತೆ ಕಟ್ಟುವ ಸ್ವತಂತ್ರ ಆಟಗಳು, ಎಂದರೆ ಆಡುವವರು ಇಂಡೀ ಗೇಮ್ ಎಂದು ಕರೆಯುವವು, ಇನ್ನೊಂದು ಬಗೆ. ಇವೆರಡಕ್ಕೂ ಬೇರೆಬೇರೆ ಅಳತೆಗೋಲು ಬೇಕೆಂಬ ಭಾವನೆ ವಿಮರ್ಶಕರಲ್ಲಿ ಬಹುಕಾಲ ಇದ್ದಿತು. ಆಟವು ಆಡುವವನಿಂದ ಏನನ್ನು ಬೇಡುತ್ತದೆ, ಬೇಡಿದ್ದಕ್ಕೆ ತಕ್ಕ ಪ್ರತಿಫಲವನ್ನು ಕೊಡುತ್ತದೆಯೆ ಎಂಬ ಪ್ರಶ್ನೆ ಎರಡಕ್ಕೂ ಸಮಾನವೆಂಬುದೇ ಈ ಲೇಖನದ ನಿಲುವು.

ಕಾವ್ಯ, ಚಿತ್ರ, ಶಿಲ್ಪಗಳು ವಿಮರ್ಶಕನ ಮುಂದೆ ಪೂರ್ಣಗೊಂಡ ವಸ್ತುಗಳಾಗಿ ಬಂದು ನಿಲ್ಲುತ್ತವೆ. ಆಟವಾದರೋ ಆಡುವವನು ಕೈಯಿಡುವ ತನಕ ಅರ್ಧವೇ. ಯಕ್ಷಗಾನ ಪ್ರಸಂಗದಲ್ಲಿ ಪದ್ಯಗಳು ಮೊದಲೇ ಗೊತ್ತಾಗಿದ್ದು, ಅವುಗಳ ಅರ್ಥ ಮಾತ್ರ ಆ ರಾತ್ರಿ ಆ ಅರ್ಥಧಾರಿಯ ಬಾಯಲ್ಲಿ ಹೊಸದಾಗಿ ಹುಟ್ಟುವ ಹಾಗೆ, ಆಟದ ನಿಯಮಗಳು ರಚನಕಾರನಿಂದ ಸಿದ್ಧವಾಗಿದ್ದರೂ ಅದರ ಅನುಭವವು ಒಬ್ಬೊಬ್ಬನ ಕೈಯಲ್ಲೂ ಒಂದೊಂದು ಬಗೆಯಾಗಿ ಪರಿಣಮಿಸುತ್ತದೆ. ಆದಕಾರಣ ಇಲ್ಲಿಯ ವಿಮರ್ಶಕನು ಪ್ರೇಕ್ಷಕನೂ ಹೌದು, ಪಾತ್ರಧಾರಿಯೂ ಹೌದು. ತಾನು ಕಂಡ ದೋಷ ಕೃತಿಯದೋ ತನ್ನ ಕೈಯದೋ ಎಂಬ ಸಂದೇಹ ಅವನನ್ನು ಎಂದೂ ಬಿಡುವಂತಿಲ್ಲ. ಆಟವೆಂಬುದನ್ನು ಸಂಸ್ಕೃತಿಯ ಮೂಲದ್ರವ್ಯವೆಂದು ಪರಿಗಣಿಸಿ ಡಚ್ ಇತಿಹಾಸಕಾರ ಯೊಹಾನ್ ಹಾಯ್ಜಿಂಗನು 1938ರಲ್ಲಿ ಬರೆದ ಗ್ರಂಥವೂ, ಅದನ್ನು ತಿದ್ದಿ ಬೆಳೆಸಿ ಫ್ರಾನ್ಸಿನ ರೋಜೆ ಕಯ್ವಾ ಎಂಬುವನು 1958ರಲ್ಲಿ ಪ್ರಕಟಿಸಿದ ಗ್ರಂಥವೂ ಈ ಕ್ಷೇತ್ರಕ್ಕೆ ತಾತ್ತ್ವಿಕ ತಳಹದಿಯನ್ನು ಒದಗಿಸಿವೆ. ಸ್ಪರ್ಧೆ, ಅದೃಷ್ಟ, ಅನುಕರಣೆ, ತಲೆಸುತ್ತುವ ಭ್ರಮಣಾನಂದ ಎಂಬ ಕಯ್ವಾನ ನಾಲ್ಕು ವಿಭಾಗಗಳನ್ನು ಇಂದಿನ ವಿಮರ್ಶಕರು ಇನ್ನೂ ಬಳಸುವುದುಂಟು. ಆಟಗಳನ್ನು ಶಾಸ್ತ್ರೀಯವಾಗಿ ವರ್ಗೀಕರಿಸುವ ಹವ್ಯಾಸವು ನಮ್ಮ ನಾಡಿಗೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ತನ್ನ ಐದು ವಿಂಶತಿಗಳ ಪೈಕಿ ಎರಡನ್ನು ವಿನೋದಗಳಿಗೂ ಕ್ರೀಡೆಗಳಿಗೂ ಮೀಸಲಿಟ್ಟಿದೆ.

ಅಮೆರಿಕದ ಎಂ.ಐ.ಟಿ.ಯಲ್ಲಿ ಸ್ಟೀವ್ ರಸೆಲ್ ಮತ್ತು ಸಂಗಡಿಗರು 1962ರಲ್ಲಿ ರಚಿಸಿದ ಸ್ಪೇಸ್‌ವಾರ್, ಅಟಾರಿ ಸಂಸ್ಥೆ 1972ರಲ್ಲಿ ಹೊರತಂದ ಪಾಂಗ್, ಜಪಾನಿನ 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮ್ಯಾನ್ ಇವುಗಳ ಕಾಲದಲ್ಲಿ ವಿಮರ್ಶೆಯೆಂಬುದು ಇರಲಿಲ್ಲವೆಂದೇ ಹೇಳಬೇಕು. ನಾಣ್ಯ ಹಾಕಿ ಆಡುವ ಯಂತ್ರಗಳನ್ನು ಅಂಗಡಿಯಲ್ಲಿಡುವವರಿಗಾಗಿ ವ್ಯಾಪಾರಿ ಪತ್ರಿಕೆಗಳು ಮಾತ್ರ ಇದ್ದವು. ಆಡುವವನನ್ನು ಉದ್ದೇಶಿಸಿ ಬರೆಯುವ ಪರಿಪಾಠ ಬಿಲ್ ಕಂಕೆಲ್, ಆರ್ನೀ ಕ್ಯಾಟ್ಜ್ ಮತ್ತು ಜಾಯ್ಸ್ ವೊರ್ಲಿ ಎಂಬುವರಿಂದ ಬೇರೂರಿತು. ಒಂದು ವಿಡಿಯೊ ಪತ್ರಿಕೆಯ ಅಂಕಣವಾಗಿ ತೊಡಗಿದ ಇವರ ಬರೆವಣಿಗೆ 1981ರಲ್ಲಿ ಎಲೆಕ್ಟ್ರಾನಿಕ್ ಗೇಮ್ಸ್ ಎಂಬ ಸ್ವತಂತ್ರ ಪತ್ರಿಕೆಯಾಗಿ ಬೆಳೆಯಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಕಂಪ್ಯೂಟರ್ ಅಂಡ್ ವಿಡಿಯೊ ಗೇಮ್ಸ್ ಪತ್ರಿಕೆಯೂ ಅಮೆರಿಕದಲ್ಲಿ ಕಂಪ್ಯೂಟರ್ ಗೇಮಿಂಗ್ ವರ್ಲ್ಡ್ ಪತ್ರಿಕೆಯೂ ಹೊರಟವು. ಮರುವರ್ಷ ಅಟಾರಿಯು ಚಲನಚಿತ್ರವೊಂದರ ಜನಪ್ರಿಯತೆಯನ್ನು ನೆಚ್ಚಿ, ಹೋವರ್ಡ್ ಸ್ಕಾಟ್ ವಾರ್ಶಾ ಎಂಬ ಒಬ್ಬನೇ ರಚನಕಾರನಿಂದ ಸುಮಾರು ಐದು ವಾರಗಳಲ್ಲಿ ಮಾಡಿಸಿದ ಇ.ಟಿ. ಎಂಬ ಆಟದ ಬಹಳಷ್ಟು ಪ್ರತಿಗಳು ಮಾರಾಟವಾಗದೆ ಉಳಿದು, ಅವುಗಳಲ್ಲಿ ಕೆಲವನ್ನು ನ್ಯೂ ಮೆಕ್ಸಿಕೊದ ಅಲಮೊಗಾರ್ಡೊ ಎಂಬಲ್ಲಿ ಹೂಳಲಾಯಿತು. 2014ರಲ್ಲಿ ಅಗೆದು ತೆಗೆದಾಗ ಅವು ಮಣ್ಣಿನಲ್ಲಿ ಕಾಣಿಸಿಕೊಂಡವು. 1983ರಿಂದಾಚೆಗೆ ಅಮೆರಿಕದ ಗೃಹಕ್ರೀಡಾ ಮಾರುಕಟ್ಟೆ ಕುಸಿದುದಕ್ಕೆ ಆ ಒಂದು ಆಟವನ್ನೇ ಹೊಣೆಮಾಡುವುದು ಜನಪ್ರಿಯ ಕಥೆ. ವಾಸ್ತವವಾಗಿ ಗುಣವನ್ನು ಅರಿಯುವ ಉಪಾಯವಿಲ್ಲದ ಗ್ರಾಹಕನ ಮುಂದೆ ಕಳಪೆ ಆಟಗಳು ರಾಶಿಬಿದ್ದುದೂ ಅಂಥದೇ ಕಾರಣ.

ಬ್ರಿಟನ್ನಿನಲ್ಲಿ 1984ರಲ್ಲಿ ಹೊರಟ ಕ್ರ್ಯಾಷ್, ಮರುವರ್ಷ ಬಂದ ಜ್ಯಾಪ್64 ಎಂಬ ಪತ್ರಿಕೆಗಳು ಚಿತ್ರಕ್ಕೆ ಇಷ್ಟು, ಧ್ವನಿಗೆ ಇಷ್ಟು, ಆಡಿಸುವ ಗುಣಕ್ಕೆ ಇಷ್ಟು, ಗೀಳುಹತ್ತಿಸುವ ಶಕ್ತಿಗೆ ಇಷ್ಟು ಎಂದು ಶೇಕಡಾವಾರು ಅಂಕಗಳನ್ನು ಹಂಚಿ, ಕೃತಿಯನ್ನು ಶಾಲೆಯ ಹುಡುಗನ ಉತ್ತರಪತ್ರಿಕೆಯ ಮಟ್ಟಕ್ಕೆ ತಂದವು. ಗೀಳು ಹತ್ತಿಸುವುದನ್ನು ಗುಣವೆಂದು ಎಣಿಸಿದ ಆ ಕಾಲದ ಮುಗ್ಧತೆ ಇಂದಿನ ಓದುಗನಿಗೆ ವಿಚಿತ್ರವಾಗಿ ತೋರಬಹುದು. ಜಪಾನಿನಲ್ಲಿ 1986ರಲ್ಲಿ ಪ್ರಾರಂಭವಾದ ಫಾಮಿತ್ಸು ಪತ್ರಿಕೆಯದು ಇನ್ನೊಂದು ಪದ್ಧತಿ: ನಾಲ್ವರು ವಿಮರ್ಶಕರು ಪ್ರತ್ಯೇಕವಾಗಿ ಆಡಿ ತಲಾ ಹತ್ತರೊಳಗೆ ಅಂಕ ಕೊಡುವುದು, ಒಟ್ಟು ನಲವತ್ತು. ಈ ಪೂರ್ಣಾಂಕವನ್ನು ಮೊಟ್ಟಮೊದಲು ಪಡೆದದ್ದು 1998ರ ದಿ ಲೆಜೆಂಡ್ ಆಫ್ ಜೆಲ್ಡಾ ಸರಣಿಯ ಒಕರಿನಾ ಆಫ್ ಟೈಮ್. ಒಬ್ಬನ ರುಚಿಯ ಏಕಪಕ್ಷೀಯತೆ ನಾಲ್ವರ ನಡುವೆ ಸ್ವಲ್ಪ ಶಮನವಾಗುವುದರಿಂದ ಈ ಪದ್ಧತಿಗೆ ಒಂದು ವಿವೇಕವಿತ್ತು. ನಾಲ್ವರ ಭಿನ್ನಾಭಿಪ್ರಾಯ ಪುಟದ ಮೇಲೆಯೇ ಕಾಣುತ್ತಿತ್ತು. 2001ರಲ್ಲಿ ಸ್ಥಾಪಿತವಾದ ಮೆಟಾಕ್ರಿಟಿಕ್ ಎಂಬ ಜಾಲತಾಣ ಈ ಭೇದವನ್ನೇ ಅಳಿಸಿ, ಹತ್ತಾರು ಪತ್ರಿಕೆಗಳ ತೀರ್ಪುಗಳನ್ನು ತೂಕಕಟ್ಟಿ ನೂರರೊಳಗಿನ ಒಂದೇ ಸಂಖ್ಯೆಗೆ ಇಳಿಸಿತು. ಇದರ ಫಲ ವಿಮರ್ಶೆಯ ಎಲ್ಲೆಯನ್ನು ಮೀರಿ ಕೆಲಸಗಾರರ ಸಂಬಳದವರೆಗೂ ಹರಿಯಿತು: 2010ರ ಫಾಲ್‌ಔಟ್ ನ್ಯೂ ವೇಗಸ್ ಆಟಕ್ಕೆ 85 ಅಂಕ ಬಂದಿದ್ದರೆ ಅದನ್ನು ನಿರ್ಮಿಸಿದ ಅಬ್ಸಿಡಿಯನ್ ಸಂಸ್ಥೆಗೆ ಬೋನಸ್ ಸಲ್ಲಬೇಕಾಗಿದ್ದು, 84 ಬಂದುದರಿಂದ ಅದು ಕೈತಪ್ಪಿತೆಂದು ಆ ಸಂಸ್ಥೆಯ ಕ್ರಿಸ್ ಅವೆಲೋನ್ 2012ರಲ್ಲಿ ಬಹಿರಂಗಪಡಿಸಿದರು. ತಾನು ಬರೆಯುವ ಅಂಕ ಯಾರದೋ ಮನೆಯ ವೆಚ್ಚವನ್ನು ನಿರ್ಣಯಿಸುವುದೆಂದು ತಿಳಿದ ವಿಮರ್ಶಕನ ಲೇಖನಿ ಋಜುವಾಗಿ ಓಡುವುದು ಕಷ್ಟ.

ಈ ಸಂಖ್ಯಾಮೋಹಕ್ಕೆ ಪ್ರತಿಭಟನೆಯೂ ಹಳೆಯದೇ. ನೂರರಲ್ಲಿ ಎಪ್ಪತ್ತು ಬಂದರೆ ಸಾಧಾರಣವೆಂದು ಭಾವಿಸುವ ರೂಢಿಯನ್ನು ಧಿಕ್ಕರಿಸಿ, ಐವತ್ತೇ ಸಾಧಾರಣ, ಅದರ ಕೆಳಗಿನ ಅಂಕಗಳೂ ಬಳಸುವುದಕ್ಕಾಗಿಯೇ ಇವೆ ಎಂದು 1991ರಿಂದ 1996ರವರೆಗೆ ನಡೆದ ಬ್ರಿಟನ್ನಿನ ಅಮಿಗಾ ಪವರ್ ಪತ್ರಿಕೆ ಹಟಹಿಡಿದು, ಪ್ರಕಾಶಕರ ಕೋಪಕ್ಕೆ ಗುರಿಯಾಯಿತು. ರಾಕ್ ಪೇಪರ್ ಶಾಟ್‌ಗನ್ ಎಂಬ ಜಾಲತಾಣ 2007ರಲ್ಲಿ ಹುಟ್ಟಿದಂದಿನಿಂದ ಅಂಕಗಳನ್ನೇ ಕೊಡಲಿಲ್ಲ. ಯೂರೋಗೇಮರ್ ತಾಣ 2015ರಲ್ಲಿ ಹತ್ತರ ಅಂಕವನ್ನು ಕೈಬಿಟ್ಟು, 2023ರಲ್ಲಿ ನಕ್ಷತ್ರಗಳ ರೂಪದಲ್ಲಿ ಮತ್ತೆ ತಂದಿತು. ಓದುಗನು ಅಂಕವನ್ನು ನಿಂದಿಸುತ್ತಲೇ ಮೊದಲು ಕಣ್ಣುಹಾಯಿಸುವುದು ಅದರ ಮೇಲೆಯೇ ಎಂಬುದಕ್ಕೆ ಈ ಹಿಂದುಮುಂದಿನ ನಡೆಯೇ ಸಾಕ್ಷಿ.

ಜಾಹೀರಾತಿನ ಹಣವೂ ತೀರ್ಪಿನ ಸ್ವಾತಂತ್ರ್ಯವೂ ಒಂದೇ ಸೂರಿನಡಿ ಬಾಳುವುದರ ಕಷ್ಟ ಪತ್ರಿಕೋದ್ಯಮದ ಎಲ್ಲ ಶಾಖೆಗಳಿಗೂ ಉಂಟಾದರೂ, ಇಲ್ಲಿ ವಿಮರ್ಶಿಸಲ್ಪಡುವವನೇ ಮುಖ್ಯ ಜಾಹೀರಾತುದಾರನೂ ಆಗಿರುವುದರಿಂದ ಅದು ಹೆಚ್ಚು ತೀಕ್ಷ್ಣವಾಗಿದೆ. 2007ರಲ್ಲಿ ಗೇಮ್‌ಸ್ಪಾಟ್‌ನ ಹಿರಿಯ ವಿಮರ್ಶಕ ಜೆಫ್ ಗರ್ಸ್ಟ್‌ಮನ್, ಅದೇ ತಾಣದಲ್ಲಿ ಭಾರಿ ಜಾಹೀರಾತು ನೀಡಿದ್ದ ಕೇನ್ ಅಂಡ್ ಲಿಂಚ್ ಎಂಬ ಆಟಕ್ಕೆ ಹತ್ತರಲ್ಲಿ ಆರು ಅಂಕ ಕೊಟ್ಟ ಸ್ವಲ್ಪಕಾಲದಲ್ಲೇ ಕೆಲಸದಿಂದ ತೆಗೆಯಲ್ಪಟ್ಟು, ಮರುವರ್ಷ ಜೈಂಟ್ ಬಾಂಬ್ ಎಂಬ ತಮ್ಮದೇ ತಾಣವನ್ನು ಕಟ್ಟಿದರು. ಮುದ್ರಿತ ಪತ್ರಿಕೆಗಳ ಸ್ಥಾನವನ್ನು ಯುಟ್ಯೂಬ್ ಆಕ್ರಮಿಸಿದ ಮೇಲೆ ಇದೇ ಸಮಸ್ಯೆ ವೇಷ ಬದಲಾಯಿಸಿತು. ಶ್ಯಾಡೊ ಆಫ್ ಮಾರ್ಡರ್ ಆಟವನ್ನು ಹೊಗಳಲು ಜನಪ್ರಿಯ ವಿಡಿಯೊ ನಿರ್ಮಾಪಕರಿಗೆ ಹಣ ಸಂದದ್ದು ನೋಡುಗರಿಗೆ ಸರಿಯಾಗಿ ತಿಳಿಯುವಂತೆ ನೋಡಿಕೊಳ್ಳಲಿಲ್ಲವೆಂಬ ದೂರಿನ ಮೇಲೆ ವಾರ್ನರ್ ಬ್ರದರ್ಸ್ ಸಂಸ್ಥೆಯು 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನೊಂದಿಗೆ ಒಡಂಬಡಿಕೆ ಮಾಡಿಕೊಳ್ಳಬೇಕಾಯಿತು. ಇವೆಲ್ಲಕ್ಕಿಂತ ಸೂಕ್ಷ್ಮವಾದ ಒತ್ತಡ ವಿಮರ್ಶಾಪ್ರತಿಯದು: ಬಿಡುಗಡೆಗೆ ಮೊದಲೇ ಪ್ರತಿಯನ್ನು ಕಳುಹಿಸಿ, ಇಂಥ ದಿನದವರೆಗೆ ಬರೆಯಕೂಡದು, ಇಂಥ ಭಾಗವನ್ನು ಹೊರಗೆಡಹಕೂಡದು ಎಂದು ಪ್ರಕಾಶಕನು ನಿಬಂಧನೆ ಹಾಕುವುದು. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ 2020ರ ಡಿಸೆಂಬರ್ 10ರಂದು ಸೈಬರ್‌ಪಂಕ್ 2077 ಆಟವನ್ನು ಬಿಡುಗಡೆಮಾಡುವ ಮುನ್ನ ವಿಮರ್ಶಕರಿಗೆ ಕೊಟ್ಟದ್ದು ಕಂಪ್ಯೂಟರಿನಲ್ಲಿ ಆಡುವ ಪ್ರತಿ ಮಾತ್ರ. ಟಿ.ವಿ.ಗೆ ಜೋಡಿಸಿ ಆಡುವ ಹಳೆಯ ಕನ್ಸೋಲ್‌ಗಳಲ್ಲಿ ಅದು ನಡೆಯುವ ದುಃಸ್ಥಿತಿ ಹೊಗಳಿಕೆಯ ವಿಮರ್ಶೆಗಳನ್ನು ನಂಬಿ ಹಣತೆತ್ತವರಿಗೆ ತಾವೇ ಆಡಿದ ಮೇಲೆ ಗೊತ್ತಾಯಿತು, ಒಂದು ವಾರದ ಆಚೀಚೆಗೇ ಸೋನಿ ಸಂಸ್ಥೆ ಆಟವನ್ನು ತನ್ನ ಅಂಗಡಿಯಿಂದ ತೆಗೆದುಹಾಕಿ ಹಣ ಹಿಂದಿರುಗಿಸತೊಡಗಿತು. ವಿಮರ್ಶಕರು ಬರೆದುದು ಸುಳ್ಳಲ್ಲ. ಆದರೆ ಯಾವ ಯಂತ್ರದಲ್ಲಿ ಆಡಿದೆವು, ಯಾವುದನ್ನು ನೋಡಗೊಡಲಿಲ್ಲ ಎಂಬುದನ್ನು ತೀರ್ಪಿನಷ್ಟೇ ದೊಡ್ಡ ದನಿಯಲ್ಲಿ ಹೇಳದಿದ್ದುದು ಲೋಪವೇ ಸರಿ.

ಶಾಸ್ತ್ರದ ಕಡೆಯಿಂದ ಈ ಬರೆವಣಿಗೆಗೆ ಬಲ ಬಂದದ್ದು ತಡವಾಗಿ. 1997ರಲ್ಲಿ ಜ್ಯಾನೆಟ್ ಮರ್ರೆ ಆಟವನ್ನು ಭವಿಷ್ಯದ ನಾಟ್ಯರೂಪವೆಂದು ಕಂಡರೆ, ಅದೇ ವರ್ಷ ನಾರ್ವೆಯ ಎಸ್ಪೆನ್ ಆರ್ಸೆತ್, ಓದುಗನ ಶ್ರಮವಿಲ್ಲದೆ ಮುಂದೆ ಸಾಗದ ಪಠ್ಯಗಳ ವರ್ಗವೊಂದನ್ನು ಬೇರ್ಪಡಿಸಿ ತೋರಿಸಿದರು. ಕಥೆ ಮುಖ್ಯವೋ ನಿಯಮ ಮುಖ್ಯವೋ ಎಂಬ ವಾದ ಅಲ್ಲಿಂದ ಕೆಲವು ವರ್ಷ ನಡೆದು, ಎರಡೂ ಪಕ್ಷದವರು ದಣಿದ ಮೇಲೆ ನಿಂತಿತು. ಅದರ ಫಲವಾಗಿ ನಿತ್ಯದ ವಿಮರ್ಶಕನಿಗೆ ದಕ್ಕಿದ ಉಪಯುಕ್ತ ಪರಿಕಲ್ಪನೆಯೆಂದರೆ, ರಚನಕಾರ ಕ್ಲಿಂಟ್ ಹಾಕಿಂಗ್ 2007ರಲ್ಲಿ ಬಯೋಶಾಕ್ ಎಂಬ ಆಟವನ್ನು ಕುರಿತು ಬರೆಯುತ್ತ ಎತ್ತಿದ ಆಕ್ಷೇಪ: ಸ್ವಾರ್ಥವೇ ಪರಮಧರ್ಮವೆಂಬ ತತ್ತ್ವವನ್ನು ಕಥೆಯಲ್ಲಿ ಖಂಡಿಸುವ ಆಟವು ಆಡುವ ನಿಯಮಗಳಲ್ಲಿ ಸ್ವಾರ್ಥಕ್ಕೇ ಬಹುಮಾನ ಕೊಟ್ಟರೆ, ಮಾತಿಗೂ ಕೃತಿಗೂ ವಿಸಂವಾದವುಂಟಾಗುತ್ತದೆಂಬುದು. ಚಲನಚಿತ್ರ ವಿಮರ್ಶಕ ರಾಜರ್ ಈಬರ್ಟ್ 2010ರಲ್ಲಿ ವಿಡಿಯೊ ಆಟಗಳು ಎಂದಿಗೂ ಕಲೆಯಾಗಲಾರವೆಂದು ಸಾರಿದಾಗ ಎದ್ದ ಗದ್ದಲ ಬಹಳ. ಆಡದೆಯೇ ಆ ಮಾತನ್ನು ಆಡಬಾರದಾಗಿತ್ತೆಂದು ಕೆಲವು ತಿಂಗಳಲ್ಲಿ ಅವರೇ ಒಪ್ಪಿಕೊಂಡರು. ಆ ಚರ್ಚೆಯಿಂದ ವಿಮರ್ಶೆಗೆ ಆದ ಲಾಭ ಕಡಮೆಯೆಂದೇ ಈ ಲೇಖಕನ ಅಭಿಪ್ರಾಯ.

ಸ್ವತಂತ್ರ ಆಟಗಳ ಉದಯ ವಿಮರ್ಶೆಯನ್ನು ಬದಲಾಯಿಸಿದಷ್ಟು ಯಾವ ಶಾಸ್ತ್ರವೂ ಬದಲಾಯಿಸಲಿಲ್ಲ. ಜಪಾನಿನ ದೈಸುಕೆ ಅಮಾಯ ಒಬ್ಬನೇ ಸುಮಾರು ಐದು ವರ್ಷ ಬಿಡುವಿನ ವೇಳೆಯಲ್ಲಿ ದುಡಿದು 2004ರಲ್ಲಿ ಉಚಿತವಾಗಿ ಹಂಚಿದ ಕೇವ್ ಸ್ಟೋರಿ, ಜೊನಾಥನ್ ಬ್ಲೋ 2008ರಲ್ಲಿ ಹೊರತಂದ ಬ್ರೇಡ್, ಸ್ವೀಡನ್ನಿನ ಮಾರ್ಕುಸ್ ಪೆರ್ಶನ್ 2009ರಲ್ಲಿ ಅಪೂರ್ಣಾವಸ್ಥೆಯಲ್ಲೇ ಸಾರ್ವಜನಿಕರ ಮುಂದಿಟ್ಟು, 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರಿಗೆ ಕೊಂಡುಕೊಂಡ ಮೈನ್‌ಕ್ರಾಫ್ಟ್ ಇವು ದಾರಿಮಾಡಿದವು. ಡಿಸ್ಕಿನ ಅಚ್ಚು, ಅಂಗಡಿಯ ಕಪಾಟು ಇವುಗಳ ಹಂಗಿಲ್ಲದೆ ಅಂತರ್ಜಾಲದಲ್ಲೇ ಮಾರುವ ಸೌಕರ್ಯ, ಅದರಲ್ಲೂ ಸ್ಟೀಮ್ ಎಂಬ ಅಂಗಡಿ, ಇದಕ್ಕೆ ಮೂಲಕಾರಣ. 2017ರಿಂದ ಪ್ರತಿ ಆಟಕ್ಕೆ ನೂರು ಡಾಲರು ಕಟ್ಟಿದ ಯಾರಾದರೂ ಅಲ್ಲಿ ಮಾರಬಹುದಾಗಿ, ಈಗ ವರ್ಷಕ್ಕೆ ಹತ್ತು ಸಾವಿರಕ್ಕೂ ಮಿಕ್ಕ ಆಟಗಳು ಬಂದು ಬೀಳುತ್ತಿವೆ. ಇಷ್ಟನ್ನು ಆಡಿ ಮುಗಿಸುವ ವಿಮರ್ಶಕಸಮುದಾಯ ಭೂಮಿಯ ಮೇಲಿಲ್ಲ. 2018ರಲ್ಲಿ ಹೊರಬಂದ ಅಮಂಗ್ ಅಸ್ ಆಟವನ್ನು ಆಗ ಗಮನಿಸಿದವರು ವಿರಳ; ಎರಡು ವರ್ಷಗಳ ತರುವಾಯ ಕೋವಿಡ್ ಮಹಾಮಾರಿಯ ಕಾಲದಲ್ಲಿ ಲೋಕವೆಲ್ಲ ಅದನ್ನಾಡುವಾಗ ವಿಮರ್ಶಕರು ಓಡೋಡಿ ಬಂದು ಬರೆದರು. ಆದಕಾರಣ ಮುಖ್ಯವಾಹಿನಿಯ ಆಟದ ವಿಮರ್ಶಕನು ಎಲ್ಲರಿಗೂ ಗೊತ್ತಿರುವುದರ ಮೌಲ್ಯವನ್ನು ನಿರ್ಣಯಿಸುವವನಾದರೆ, ಸ್ವತಂತ್ರ ಆಟದ ವಿಮರ್ಶಕನು ಮೊದಲು ಶೋಧಕನಾಗಬೇಕಾಗುತ್ತದೆ. ಈ ಶೋಧನೆಯ ಉತ್ಸಾಹದಲ್ಲಿ ಒಬ್ಬಂಟಿ ರಚನಕಾರನ ಬಡತನವನ್ನೂ ತಪಸ್ಸನ್ನೂ ಕೃತಿಯ ಗುಣವೆಂದು ಎಣಿಸಿ ರಿಯಾಯಿತಿ ತೋರಿಸುವುದು ಸಾಮಾನ್ಯ ದೋಷ. ಎರಿಕ್ ಬರೋನ್ ನಾಲ್ಕು ವರ್ಷಕ್ಕೂ ಮೀರಿ ಒಂಟಿಯಾಗಿ ಚಿತ್ರ, ಸಂಗೀತ, ಬರಹ, ಪ್ರೋಗ್ರಾಮ್ ಎಲ್ಲವನ್ನೂ ತಾನೇ ಮಾಡಿ 2016ರಲ್ಲಿ ಪ್ರಕಟಿಸಿದ ಸ್ಟಾರ್‌ಡ್ಯೂ ವ್ಯಾಲಿ ಉತ್ತಮವಾದುದು ಆ ಕಷ್ಟದಿಂದಲ್ಲ. ಬಿತ್ತುವುದು, ನೀರೆರೆಯುವುದು, ಊರವರ ಸ್ನೇಹ ಬೆಳೆಸುವುದು ಇವುಗಳನ್ನು ಒಂದು ದಿನದ ಅಲ್ಪ ಶಕ್ತಿಯೊಳಗೆ ಹೊಂದಿಸಿಕೊಳ್ಳಬೇಕಾದ ಹಿತವಾದ ಇಕ್ಕಟ್ಟನ್ನು ಆಟ ಒದಗಿಸುವುದರಿಂದ.

ಕಾವ್ಯದ ಜೀವಿತವು ಔಚಿತ್ಯವೆಂದು ಕಾಶ್ಮೀರದ ಕ್ಷೇಮೇಂದ್ರನು 11ನೆಯ ಶತಮಾನದಲ್ಲಿ ಪ್ರತಿಪಾದಿಸಿದುದು ಆಟಗಳ ಪ್ರಕಾರಭೇದವನ್ನು ವಿವೇಚಿಸುವವನಿಗೆ ಬಹಳ ನೆರವಾಗುತ್ತದೆ. ಒಂದು ಪ್ರಕಾರದಲ್ಲಿ ಗುಣವಾದುದು ಇನ್ನೊಂದರಲ್ಲಿ ದೋಷವಾಗುವುದು ಇಲ್ಲಿ ಪದೇಪದೇ ಕಂಡುಬರುವ ಸಂಗತಿ. ಹಲಗೆಯಿಂದ ಹಲಗೆಗೆ ಹಾರುವ ಪ್ಲಾಟ್‌ಫಾರ್ಮರ್ ಆಟಗಳಲ್ಲಿ ಸರ್ವಸ್ವವೂ ನೆಗೆತವೇ. ನಿಂಟೆಂಡೊ ಸಂಸ್ಥೆಯ ಶಿಗೆರು ಮಿಯಾಮೊಟೊ 1985ರ ಸೂಪರ್ ಮಾರಿಯೊ ಬ್ರದರ್ಸ್‌ನ ಮೊದಲ ಹಂತದಲ್ಲಿ ಒಂದಕ್ಷರದ ಸೂಚನೆಯನ್ನೂ ಬರೆಯದೆ, ಎದುರಿಗೆ ನಡೆದುಬರುವ ಒಂದು ಪ್ರಾಣಿ, ತಲೆಯ ಮೇಲೊಂದು ಪ್ರಶ್ನೆಚಿಹ್ನೆಯ ಪೆಟ್ಟಿಗೆ ಇಷ್ಟರಿಂದಲೇ ಆಟವನ್ನೆಲ್ಲ ಕಲಿಸಿಬಿಟ್ಟದ್ದು ಇಂದಿಗೂ ಪಾಠಯೋಗ್ಯ. 2018ರ ಸ್ವತಂತ್ರ ಕೃತಿ ಸೆಲೆಸ್ಟ್ ಇದಕ್ಕಿಂತ ಎಷ್ಟೋ ಕಠಿನವಾದರೂ, ಅಂಚು ದಾಟಿ ಗಾಳಿಯಲ್ಲಿ ಕಾಲಿಟ್ಟ ಮೇಲೂ ನಿಮೇಷಾರ್ಧದೊಳಗೆ ಗುಂಡಿ ಒತ್ತಿದರೆ ನೆಗೆತವನ್ನು ಒಪ್ಪಿಕೊಳ್ಳುವಂಥ ಗುಪ್ತ ದಾಕ್ಷಿಣ್ಯಗಳನ್ನು ಒಳಗಿಟ್ಟುಕೊಂಡಿದೆ. ಬೇಕಾದವರು ವೇಗವನ್ನು ತಗ್ಗಿಸಿಕೊಳ್ಳುವ ಸೌಲಭ್ಯವನ್ನು ಬಹಿರಂಗವಾಗಿಯೂ ಕೊಟ್ಟಿದೆ. ಆಟ ಕಷ್ಟವೆಂದು ಬರೆಯುವುದು ಸುಲಭ, ಆ ಕಷ್ಟ ನ್ಯಾಯವಾದದ್ದೆಂಬ ಭಾವನೆ ಎಲ್ಲಿಂದ ಬಂತೆಂಬುದನ್ನು ಕಂಡುಹಿಡಿಯುವುದು ವಿಮರ್ಶೆ. ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯ ಡಾರ್ಕ್ ಸೋಲ್ಸ್ 2011ರಲ್ಲಿ ಇದೇ ಪ್ರಶ್ನೆಯನ್ನು ಮುಖ್ಯವಾಹಿನಿಯ ಮಧ್ಯಕ್ಕೆ ತಂದಿತು. ಸೋಲನ್ನೇ ಬೋಧನಕ್ರಮವಾಗಿ ಮಾಡಿಕೊಂಡ ಆಟವನ್ನು, ಗಡುವಿನೊಳಗೆ ಮುಗಿಸಬೇಕಾದ ವಿಮರ್ಶಕನು ಆಡುವ ಆತುರವು ಸಾಮಾನ್ಯ ಓದುಗನು ಆಡುವ ನಿಧಾನವನ್ನು ಹೋಲುವುದಿಲ್ಲ.

ಪಾತ್ರನಿರ್ವಹಣೆಯ ಆಟಗಳಲ್ಲಿ ಪರೀಕ್ಷೆಗೆ ಬರುವುದು ಆಯ್ಕೆ ಮತ್ತು ಅದರ ಪರಿಣಾಮ. 2019ರ ಡಿಸ್ಕೊ ಎಲಿಸಿಯಮ್ ಕತ್ತಿಕಾಳಗವನ್ನು ಪೂರ್ಣವಾಗಿ ತ್ಯಜಿಸಿ, ಕುಡಿದು ಸ್ಮೃತಿಗೆಟ್ಟ ಪೊಲೀಸಿನವನೊಬ್ಬನ ಇಪ್ಪತ್ತನಾಲ್ಕು ಮನಶ್ಶಕ್ತಿಗಳನ್ನು ಪರಸ್ಪರ ಜಗಳವಾಡುವ ಅಂತರಂಗದ ದನಿಗಳಾಗಿಸಿತು. ತರ್ಕಶಕ್ತಿ ಬೆಳೆದಷ್ಟೂ ಅದರ ಅಹಂಕಾರವೂ ಬೆಳೆಯುವಂತೆ ಬರೆದಿರುವುದು ಮನಶ್ಶಾಸ್ತ್ರದ ದೃಷ್ಟಿಯಿಂದಲೂ ಮೆಚ್ಚತಕ್ಕದ್ದು. ಟೋಬಿ ಫಾಕ್ಸ್‌ನ 2015ರ ಅಂಡರ್‌ಟೇಲ್ ಯಾರನ್ನೂ ಕೊಲ್ಲದೆ ಮುಗಿಸಬಹುದಾದ ಆಟ. ಕೊಂದವನನ್ನು ಅದು ಮರೆಯುವುದೂ ಇಲ್ಲ. ಬೆಲ್ಜಿಯಮ್ಮಿನ ಲೇರಿಯನ್ ಸಂಸ್ಥೆಯ 2023ರ ಬಾಲ್ಡರ್ಸ್ ಗೇಟ್ 3 ಇದೇ ಆಯ್ಕೆಯ ತತ್ತ್ವವನ್ನು ವಿಪುಲ ಬಂಡವಾಳದಿಂದ ನೂರಾರು ಗಂಟೆಗಳವರೆಗೆ ವಿಸ್ತರಿಸಿತು. ಅಂಥ ಆಟದ ಒಂದು ದಾರಿಯನ್ನು ಮಾತ್ರ ನಡೆದ ವಿಮರ್ಶಕನು ಉಳಿದ ದಾರಿಗಳ ಬಗ್ಗೆ ಮೌನವಾಗಿರಬೇಕಾದುದು ಧರ್ಮ. ಸಿಡ್ ಮೈಯರ್‌ನ 1991ರ ಸಿವಿಲೈಸೇಶನ್ ಕುರಿತ ಪ್ರಸಿದ್ಧ ಕಥೆ ಇದರ ಉಲ್ಲಂಘನೆಯಿಂದ ಹುಟ್ಟಿದ್ದು. ಆ ತಂತ್ರಪ್ರಧಾನ ಆಟದಲ್ಲಿ ಭಾರತದ ನಾಯಕನಾಗಿ ಬರುವ ಗಾಂಧಿಯ ಆಕ್ರಮಣಶೀಲತೆ ಒಂದಂಕಿಯಿಂದ ಇನ್ನೂ ಕೆಳಗಿಳಿಯುವಾಗ ಲೆಕ್ಕ ತಪ್ಪಿ 255ಕ್ಕೆ ಏರಿ, ಅವರು ಪರಮಾಣು ಬಾಂಬು ಹಾಕತೊಡಗುತ್ತಿದ್ದರೆಂಬುದು ಲೇಖನದಿಂದ ಲೇಖನಕ್ಕೆ ಹರಡಿತು. ಅಂಥ ಬಗ್ ಎಂದೂ ಇರಲಿಲ್ಲವೆಂದು ಮೈಯರ್ 2020ರ ತಮ್ಮ ಆತ್ಮಕಥೆಯಲ್ಲಿ ಸ್ಪಷ್ಟಪಡಿಸಿದರು. 2010ರ ಐದನೆಯ ಆವೃತ್ತಿಯಲ್ಲಾದರೋ ರಚನಕಾರರು ತಮಾಷೆಗಾಗಿ ಗಾಂಧಿಗೆ ಆ ಸ್ವಭಾವವನ್ನು ಬೇಕೆಂದೇ ಕೊಟ್ಟಿದ್ದರು. ಒಬ್ಬರಾದರೂ ಹಳೆಯ ಆಟವನ್ನು ಮತ್ತೆ ತೆರೆದು ನೋಡಿದ್ದರೆ ಕಥೆ ಅಷ್ಟು ದೂರ ಹೋಗುತ್ತಿರಲಿಲ್ಲ.

ಒಗಟಿನ ಆಟಗಳಲ್ಲಿ ಲ್ಯೂಕಸ್ ಪೋಪ್‌ನ ಕೃತಿಗಳನ್ನು ವಿಶೇಷವಾಗಿ ಎತ್ತಿ ಹೇಳಬೇಕು. 2018ರ ರಿಟರ್ನ್ ಆಫ್ ದಿ ಓಬ್ರಾ ಡಿನ್ ಆಟದಲ್ಲಿ 1807ರಲ್ಲಿ ನಾವಿಕರಿಲ್ಲದೆ ತೇಲಿಬಂದ ಹಡಗೊಂದನ್ನು ಪರಿಶೀಲಿಸಲು ಈಸ್ಟ್ ಇಂಡಿಯಾ ಕಂಪೆನಿಯ ವಿಮಾ ಅಧಿಕಾರಿ ಹೋಗುತ್ತಾನೆ. ಅರವತ್ತು ಜನರ ಹೆಸರು ಮತ್ತು ಗತಿಯನ್ನು, ಅವರು ಸತ್ತ ಕ್ಷಣದ ಸ್ತಬ್ಧದೃಶ್ಯಗಳಿಂದ ಊಹಿಸಬೇಕು. ಊಹೆಗಳು ಮೂರುಮೂರಾಗಿ ಸರಿಯಾದಾಗ ಮಾತ್ರ ಆಟ ಒಪ್ಪಿಗೆ ಕೊಡುವುದರಿಂದ ಕುರುಡು ಊಹೆಗೆ ಎಡೆಯಿಲ್ಲ. ಒಬ್ಬನ ಉಡುಪು, ಇನ್ನೊಬ್ಬನ ಉಚ್ಚಾರಣೆ, ಮತ್ತೊಬ್ಬನು ಮಲಗುವ ತೂಗುಹಾಸಿಗೆಯ ಸಂಖ್ಯೆ ಇವೇ ಸಾಕ್ಷ್ಯಗಳು. ಅವನದೇ 2013ರ ಪೇಪರ್ಸ್ ಪ್ಲೀಸ್‌ನಲ್ಲಿ ಆಡುವವನು 1982ರ ಕಲ್ಪಿತ ರಾಷ್ಟ್ರವೊಂದರ ಗಡಿಯಲ್ಲಿ ಪಾಸ್‌ಪೋರ್ಟು ನೋಡುವ ಗುಮಾಸ್ತ. ಕಾಗದಪತ್ರ ತಪ್ಪಿದ ತಾಯಿಯನ್ನು ಒಳಬಿಟ್ಟರೆ ದಂಡ, ದಂಡ ತೆತ್ತರೆ ಮನೆಯಲ್ಲಿ ಮಗನಿಗೆ ಔಷಧವಿಲ್ಲ. ಇಲ್ಲಿ ಆಟದ ನೀರಸತೆಯೇ ಅದರ ರಸ. ಇದನ್ನು ಮನರಂಜನೆಯೆಂಬ ಶೀರ್ಷಿಕೆಯಡಿ ಅಂಕಹಾಕಹೊರಟವನಿಗೆ ಕೃತಿಯೇ ತಪ್ಪಿಹೋಗುತ್ತದೆ.

1980ರ ರೋಗ್ ಎಂಬ ಅಕ್ಷರಚಿಹ್ನೆಗಳ ಆಟದಿಂದ ಹೆಸರು ಪಡೆದ ರೋಗ್‌ಲೈಕ್ ಪ್ರಕಾರದಲ್ಲಿ ಸತ್ತರೆ ಮತ್ತೆ ಮೊದಲಿಂದ, ಪ್ರತಿಸಲವೂ ಹೊಸ ನಕ್ಷೆ. ಸೂಪರ್‌ಜೈಂಟ್ ಸಂಸ್ಥೆ 2020ರಲ್ಲಿ ಹೇಡೀಸ್ ಮೂಲಕ ಈ ಪುನರಾವೃತ್ತಿಗೆ ಕಥೆಯ ಸಮರ್ಥನೆಯನ್ನು ಕೊಟ್ಟಿತು. ಪಾತಾಳದ ರಾಜಕುಮಾರನು ಪ್ರತಿ ಮರಣದ ಬಳಿಕ ತಂದೆಯ ಮನೆಗೇ ಮರಳಿ ಬರುತ್ತಾನಾಗಿ ಸೋಲು ಕಥೆಯನ್ನು ಮುಂದುವರಿಸುತ್ತದೆ. ಮರುವರ್ಷ ವಿಜ್ಞಾನಕಥೆಗಳಿಗೆ ಸಲ್ಲುವ ಹ್ಯೂಗೊ ಪ್ರಶಸ್ತಿ ಇದಕ್ಕೆ ಬಂದಿತು. ಇಸ್ಪೀಟಿನ ಪೋಕರ್ ಜೋಡಣೆಗಳನ್ನೇ ತಿರುಚಿ ಕಟ್ಟಿದ 2024ರ ಬಾಲಾಟ್ರೊ, ಐದು ಡಾಲರಿಗೂ ಕಡಮೆ ಬೆಲೆಯ ವ್ಯಾಂಪೈರ್ ಸರ್ವೈವರ್ಸ್ ಇವೂ ಈ ವಂಶದವೇ. ಎರಡನೆಯದು 2023ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಸಮಾರಂಭದಲ್ಲಿ ಎಲ್ಡೆನ್ ರಿಂಗ್‌ನಂಥ ಮಹಾಕೃತಿಯನ್ನು ಹಿಂದಿಕ್ಕಿ ಅತ್ಯುತ್ತಮ ಆಟವೆನಿಸಿಕೊಂಡಿತು. ಕಾದಾಟದ ಆಟಗಳ ವಿಷಯದಲ್ಲಿ ಮೊದಲ ವಾರದ ವಿಮರ್ಶೆ ಬಹುಮಟ್ಟಿಗೆ ನಿರರ್ಥಕ: 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಹೊಡೆತಕ್ಕೆ ಹೊಡೆತ ಪೋಣಿಸುವ ಕಾಂಬೊ ರಚನಕಾರರ ಉದ್ದೇಶವಿಲ್ಲದೆಯೇ ನುಸುಳಿದ್ದು, ಅದೇ ಮುಂದೆ ಆ ಪ್ರಕಾರದ ಪ್ರಾಣವಾಯಿತು. ವರ್ಷಕ್ಕೊಂದರಂತೆ ಬರುವ ಫುಟ್‌ಬಾಲ್ ಆಟಗಳ ಕುರಿತು ಹೆಚ್ಚು ಹೇಳಬೇಕಾದುದಿಲ್ಲ; ಕಳೆದ ವರ್ಷದ ವಿಮರ್ಶೆಯನ್ನೇ ಕೊಂಚ ತಿದ್ದಿದರೆ ಸಾಕಾಗುವ ಸಂದರ್ಭಗಳೇ ಜಾಸ್ತಿ. ಆದರೆ ಹಣ ಕೊಟ್ಟು ಅದೃಷ್ಟದ ಪೆಟ್ಟಿಗೆ ತೆರೆಯುವ ಲೂಟ್ ಬಾಕ್ಸ್ ಪದ್ಧತಿಯನ್ನು ಮಾತ್ರ ಲಘುವಾಗಿ ಕಾಣುವಂತಿಲ್ಲ. 2017ರಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ವಿರುದ್ಧ ಆಡುವವರು ದಂಗೆಯೆದ್ದಾಗ ಇ.ಎ. ಸಂಸ್ಥೆ ಬಿಡುಗಡೆಯ ಹೊಸ್ತಿಲಲ್ಲಿ ಒಳಗಿನ ಮಾರಾಟವನ್ನು ನಿಲ್ಲಿಸಿತು. ಮರುವರ್ಷ ಬೆಲ್ಜಿಯಮ್ ಇಂಥ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು. ಆಟದೊಳಗಿನ ಅಂಗಡಿಯನ್ನು ಪರೀಕ್ಷಿಸುವುದೂ ಅಂದಿನಿಂದ ವಿಮರ್ಶಕನ ಕರ್ತವ್ಯದಲ್ಲಿ ಸೇರಿದೆ.

ಕೃತಿಯು ಸ್ಥಿರವಲ್ಲದಿರುವುದು ಈ ವಿಮರ್ಶೆಯನ್ನು ಬಾಧಿಸುವ ಮತ್ತೊಂದು ತೊಡಕು. ಇಂಗ್ಲೆಂಡಿನ ಹಲೊ ಗೇಮ್ಸ್ ಎಂಬ ಪುಟ್ಟ ಸಂಸ್ಥೆಯ ನೋ ಮ್ಯಾನ್ಸ್ ಸ್ಕೈ 2016ರಲ್ಲಿ ಕೊಟ್ಟ ಭರವಸೆಗಳನ್ನು ಈಡೇರಿಸಲಿಲ್ಲವೆಂದು ತೀವ್ರ ನಿಂದೆಗೆ ಗುರಿಯಾಗಿ, ಅನಂತರ ವರ್ಷಾನುವರ್ಷ ಉಚಿತವಾಗಿ ಕೊಟ್ಟ ಅಪ್‌ಡೇಟ್‌ಗಳಿಂದ ಬೇರೆಯೇ ಆಟವಾಗಿ ಬೆಳೆಯಿತು. ಬಿಡುಗಡೆಯ ದಿನದ ವಿಮರ್ಶೆಗಳು ಈಗಿಲ್ಲದ ಒಂದು ಆಟವನ್ನು ಕುರಿತು ನುಡಿಯುತ್ತಿವೆ. ಇದಕ್ಕೆ ವ್ಯತಿರಿಕ್ತವಾಗಿ ಸೋನಿ ಸಂಸ್ಥೆಯ ಕಾಂಕರ್ಡ್ 2024ರ ಆಗಸ್ಟ್ 23ರಂದು ಹೊರಬಂದು ಸೆಪ್ಟೆಂಬರ್ 6ರಂದು ಶಾಶ್ವತವಾಗಿ ಮುಚ್ಚಿಹೋಯಿತು. ಕೆಲವು ಪತ್ರಿಕೆಗಳು ಆಟ ಬದಲಾದಾಗ ಮರುವಿಮರ್ಶೆ ಬರೆಯುತ್ತವೆ. ಹೆಚ್ಚಿನವಕ್ಕೆ ಹೊಸದರ ಬೆನ್ನುಹತ್ತುವುದರಲ್ಲೇ ಹೊತ್ತು ಕಳೆಯುತ್ತದೆ.

ಭಾರತದ ಕಡೆಗೆ ತಿರುಗಿದರೆ, ಈ ಉದ್ಯಮದ ಆದ್ಯಪ್ರವರ್ತಕ ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನದೇ. ರಾಜೇಶ್ ರಾವ್ 1997ರಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ವಿದೇಶೀ ಆಟಗಳಿಗೆ ಚಿತ್ರಕೆಲಸ ಮಾಡಿಕೊಡುತ್ತ ಬೆಳೆದು, 2019ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೋ ಸರಣಿಯ ರಾಕ್‌ಸ್ಟಾರ್ ಸಂಸ್ಥೆಯಲ್ಲಿ ಲೀನವಾಯಿತು. ಹೀಗಾಗಿ ಹೊರದೇಶಗಳ ವಿಮರ್ಶಕರು ಚಿತ್ರವೈಭವವೆಂದು ಹೊಗಳುವುದರಲ್ಲಿ ಬೆಂಗಳೂರಿನ ಕೈಗಳ ಪಾಲೂ ಇರುತ್ತದೆ, ಹೆಸರು ಮಾತ್ರ ಆಟದ ಕೊನೆಯ ಪಟ್ಟಿಯಲ್ಲಿ ವೇಗವಾಗಿ ಸರಿದುಹೋಗುತ್ತದೆ. ಪುಣೆಯ ನಾಡಿಂಗ್ ಹೆಡ್ಸ್ ಸಂಸ್ಥೆಯ ರಾಜಿ 2020ರಲ್ಲಿ ಪಹಾಡಿ ಚಿತ್ರಶೈಲಿಯನ್ನೂ ತೊಗಲುಗೊಂಬೆಯಂಥ ನೆರಳಾಟವನ್ನೂ ಬಳಸಿಕೊಂಡು ಗಮನ ಸೆಳೆಯಿತು. ಚೆಲುವಿನ ಮುಂದೆ ಅದರ ಕಾದಾಟದ ಕೈಚಳಕ ಸಪ್ಪೆಯೆಂದು ಹೇಳಬೇಕಾದ ಕಡೆ ನಮ್ಮದೆಂಬ ಅಭಿಮಾನದಿಂದ ಮೌನವಾಗುವುದು ಉಪಕಾರವಲ್ಲ. 1980ರ ದಶಕದಲ್ಲಿ ಕೆನಡಾಕ್ಕೆ ವಲಸೆಹೋದ ತಮಿಳು ಕುಟುಂಬವೊಂದರ ಅಡುಗೆಮನೆಯನ್ನು ವಸ್ತುವಾಗಿಸಿ ಟೊರೊಂಟೊದಲ್ಲಿ ತಯಾರಾದ ವೆಂಬಾ, 2023ರಲ್ಲಿ ಹೊರಬಂದು ಮರುವರ್ಷ ಬಾಫ್ಟಾದ ಚೊಚ್ಚಲ ಕೃತಿಯ ಪ್ರಶಸ್ತಿಯನ್ನು ಪಡೆಯಿತು. ತಾಯಿಯ ಹಳೆಯ ಪಾಕಪುಸ್ತಕದಲ್ಲಿ ಅಳಿಸಿಹೋದ ಸಾಲುಗಳನ್ನು ಊಹಿಸಿ ಇಡ್ಲಿತಟ್ಟೆಗಳನ್ನು ಜೋಡಿಸುವುದು ಅದರ ಒಂದು ಒಗಟು. ದಕ್ಷಿಣದ ಮನೆಯಲ್ಲಿ ಬೆಳೆದವನಿಗೆ ತಟ್ಟೆಯ ತೂತು ಯಾವುದರ ಮೇಲೆ ಬರಬೇಕೆಂಬುದು ಮೊದಲೇ ಗೊತ್ತು, ಅನ್ಯರಿಗೆ ಅದು ಶೋಧನೆ. ಆಟ ಒಂದೆರಡು ಗಂಟೆಗಳಲ್ಲೇ ಮುಗಿಯುವುದೆಂಬ ದೂರು ಅದಕ್ಕೆ ಬಂದಿತು. ಗಂಟೆಗಿಷ್ಟು ಎಂದು ಲೆಕ್ಕಹಾಕುವ ಈ ಅಭ್ಯಾಸವನ್ನು ಸಣ್ಣಕಥೆಯ ಮೇಲೆ ಪ್ರಯೋಗಿಸಿದರೆ ಮಾಸ್ತಿಯವರ ಎಷ್ಟೋ ಕಥೆಗಳು ಅನುತ್ತೀರ್ಣವಾಗಬೇಕಾದೀತು.

ಕನ್ನಡದಲ್ಲಿ ಆಟವಾಡುತ್ತ ಕನ್ನಡದಲ್ಲೇ ಮಾತಾಡುವ ಯುಟ್ಯೂಬ್ ವಾಹಿನಿಗಳು ಹುಟ್ಟಿಕೊಂಡಿವೆ. ಅವುಗಳ ಮಾತು ಲವಲವಿಕೆಯದಾದರೂ ಆ ಕ್ಷಣದ್ದು, ಬರೆದ ವಿಮರ್ಶೆಯ ಬೆಳೆ ಮಾತ್ರ ವಿರಳ. ಇಲ್ಲಿ ಬರೆಯುವವನಿಗೆ ಪಾಶ್ಚಾತ್ಯ ವಿಮರ್ಶಕನಿಗಿಲ್ಲದ ಹೊಣೆಯೊಂದುಂಟು. ನಮ್ಮವರಲ್ಲಿ ಬಹುಪಾಲು ಜನ ಆಡುವುದು ಕನ್ಸೋಲಿನಲ್ಲಲ್ಲ, ಮೊಬೈಲಿನಲ್ಲಿ. ದೊಡ್ಡ ಆಟವೊಂದರ ಬೆಲೆ ಸಾವಿರಾರು ರೂಪಾಯಿಯಾದರೆ, ಅದನ್ನು ನಡೆಸಬಲ್ಲ ಗ್ರಾಫಿಕ್ಸ್ ಕಾರ್ಡಿನ ಬೆಲೆ ಹತ್ತಾರು ಸಾವಿರ. ಮಧ್ಯಮ ತರದ ಫೋನಿನಲ್ಲಿ ಆಟ ತಡವರಿಸದೆ ನಡೆಯುವುದೆ, ಎಷ್ಟು ಜಾಗ ನುಂಗುವುದು, ನೆಟ್‌ವರ್ಕ್ ಕೈಕೊಟ್ಟಾಗ ಆಡಬಹುದೆ, ಮಕ್ಕಳ ಕೈಗೆ ಕೊಟ್ಟರೆ ಹಣ ಬೇಡುವ ಕಿಟಕಿ ಎಷ್ಟು ಹೊತ್ತಿಗೊಮ್ಮೆ ತೆರೆದುಕೊಳ್ಳುವುದು ಎಂಬ ಪ್ರಶ್ನೆಗಳಿಗೆ ಲಂಡನ್ನಿನ ಪತ್ರಿಕೆ ಉತ್ತರಿಸುವುದಿಲ್ಲ. ಕೊಪ್ಪಳದಲ್ಲೋ ಪುತ್ತೂರಿನಲ್ಲೋ ಕುಳಿತು ಆಡಿ ನೋಡಿದವನೇ ಅದನ್ನು ಬರೆಯತಕ್ಕದ್ದು.